ಅಪ್ಪಯ್ಯ ಕಳಿಸಿದ ಹೊಳೆ

ಮೊದಲೇ ಹೇಳಿಬಿಡ್ತೀನಿ, ನನಗೆ ಚಿತ್ರಕಲೆ ಅರ್ಥ ಆಗಲ್ಲ. ಡ್ರಾಯಿಂಗ್ ಮೇಷ್ಟ್ರ ಮಗನಾಗಿ ಹುಟ್ಟಿಯೂ ಆಗಲ್ಲ ಅನ್ನೋದು ಸ್ವಲ್ಪ ನಾಚಿಕೆಯ ವಿಷಯವೇ.

ಅಪ್ಪಯ್ಯ ತೀರ್ಥಹಳ್ಳಿ ಕಡೆಯ ಹೈಸ್ಕೂಲುಗಳಲ್ಲಿ 31 ವರ್ಷ ಚಿತ್ರಕಲೆ ಪಾಠ ಮಾಡಿದರು. ಪಾಠ ಮಾಡಿದರು ಅನ್ನೋದಕ್ಕಿಂತ, ಗಣಿತದ ಮೇಷ್ಟ್ರು 'ಪೋರ್ಶನ್ ಮುಗಿದಿಲ್ಲ ಸಾರ್' ಅಂದಾಗೆಲ್ಲ ತಮ್ಮ ಪೀರಿಯಡ್ ಬಿಟ್ಟುಕೊಟ್ಟರು ಅಂದರೇ ಸರಿ. ನಾನು ಪಿಯುಸಿ ಮುಗಿಸಿ ಸಿಇಟಿ ರ್‍ಯಾಂಕ್ ಹಿಡಿದು ಬಂದಾಗ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಖುಷಿಪಟ್ಟವರು ಅವರೇ. "ಸದ್ಯ, ನೀನು ಬಣ್ಣದ ಡಬ್ಬಿ ಮುಟ್ಟಲಿಲ್ಲ ಮಾರಾಯ" ಅಂದಿದ್ದರು. ಅದು ತಮಾಷೆ ಅಂದುಕೊಂಡಿದ್ದೆ.

ನನ್ನ ಕೆಲಸ ಈಗ ಬೆಂಗಳೂರಿನಲ್ಲಿ ಕೋಡ್ ಬರೆಯೋದು. ಯಾವುದೇ ವಿಷಯ ಆಗಲಿ, ನಂಬರ್ ಇದ್ದರೆ ನನಗೆ ಸಮಾಧಾನ. ಚಿತ್ರ ನೋಡಿದರೆ 'ಚೆನ್ನಾಗಿದೆ' ಅಂತೀನಿ. ಮುಂದೆ ಏನು ಹೇಳಬೇಕು ಅಂತ ಗೊತ್ತಾಗಲ್ಲ.

ಅಂಥ ನಾನು ಹೋದ ನವೆಂಬರ್‌ನಲ್ಲಿ ಒಂದು ಚಿತ್ರವನ್ನು ಬಹಳ ಹೊತ್ತು ನೋಡಿದೆ. ಅದೂ ಫೋನಿನಲ್ಲಿ, ಥೈಲ್ಯಾಂಡಿನ ಒಂದು ಹಳೇ ರೈಲಿನ ಮರದ ಸೀಟಿನ ಮೇಲೆ ಕೂತು.

ಆಗಿದ್ದು ಇಷ್ಟು. ನಾನು, ನನ್ನ ಹೆಂಡತಿ ಬ್ಯಾಂಕಾಕ್‌ಗೆ ಹೋಗುವ ಪ್ಲಾನ್ ಮಾಡಿದ್ದೆವು. ರಜೆಗೆ ಹೋಗ್ತೀನಿ ಅಂತ ಆಫೀಸಿನ ಕಾಲ್‌ನಲ್ಲಿ ಹೇಳುವಾಗ ಬಾಯಿತಪ್ಪಿ 'ಕಾಂಚನಬುರಿ' ಅಂದೆ. ಅಲ್ಲಿ ಸೇತುವೆ ಇದೆ, ಜಲಪಾತ ಇದೆ, ಬ್ಯಾಂಕಾಕ್‌ನಿಂದ 130 ಕಿಲೋಮೀಟರ್ ಅಷ್ಟೇ ಅಂತ ಯಾವುದೋ ರೀಲ್ಸ್‌ನಲ್ಲಿ ನೋಡಿದ್ದೆ. ಕಾಲ್‌ನ ಆ ಕಡೆ ಮೆಲ್ಬರ್ನ್‌ನ ಸಹೋದ್ಯೋಗಿ ಒಬ್ಬರಿದ್ದರು. ಐದು ವರ್ಷದಿಂದ ಅವರ ಜೊತೆ ಕೆಲಸ ಮಾಡ್ತಿದ್ದೀನಿ, ಹವಾಮಾನ ಮತ್ತು ಬಗ್ ಬಿಟ್ಟು ಬೇರೆ ಮಾತಾಡಿದ್ದು ಕಡಿಮೆ. ಅವರು ಒಂದು ಕ್ಷಣ ಸುಮ್ಮನಿದ್ದು, ತಮ್ಮ ಅಜ್ಜ ಯುದ್ಧಕೈದಿಯಾಗಿ ಅಲ್ಲಿದ್ದರು, ಬದುಕಿ ಬಂದರು, ಆದರೆ ಸಾಯುವವರೆಗೂ ಮನೆಯಲ್ಲಿ ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ ಅಂದರು. ಕಾಲ್ ಮುಗಿದ ಮೇಲೆ ಒಂದು ಮೆಸೇಜ್ ಬಂತು. ಹೋಗೋದಾದರೆ ಜ್ಯಾಕ್ ಚಾಲ್ಕರ್ ಅನ್ನೋರ ಚಿತ್ರಗಳನ್ನು ಹುಡುಕಿ ನೋಡು ಅಂತ.

ಕಾಂಚನಬುರಿ ತಲುಪಿದ ದಿನ ಎಲ್ಲರ ಹಾಗೆ ನಾವೂ ಆ ಸೇತುವೆ ಮೇಲೆ ಸೆಲ್ಫಿ ತಗೊಂಡೆವು. 1957ರ 'ದಿ ಬ್ರಿಜ್ ಆನ್ ದಿ ರಿವರ್ ಕ್ವಾಯ್' ಸಿನಿಮಾದಿಂದ ಪ್ರಪಂಚಕ್ಕೆಲ್ಲ ಗೊತ್ತಾದ ಸೇತುವೆ. ಇಲ್ಲೊಂದು ಮಜಾ ಇದೆ. ಸಿನಿಮಾ ತೆಗೆದದ್ದು ಇಲ್ಲಲ್ಲ, ಶ್ರೀಲಂಕಾದಲ್ಲಿ. ಇನ್ನು ಈ ಸೇತುವೆ ಕೆಳಗೆ ಆಗ ಹರಿಯುತ್ತಿದ್ದದ್ದು ಕ್ವಾಯ್ ನದಿಯೇ ಅಲ್ಲ, ಅದರ ಹೆಸರು ಮೇ ಕ್ಲಾಂಗ್. ಕಾದಂಬರಿ ಬರೆದ ಫ್ರೆಂಚ್ ಲೇಖಕ ಪಿಯೆರ್ ಬೂಲ್ ಅಂದಾಜಿನಲ್ಲಿ ಹೆಸರು ಹಾಕಿದ. ಸಿನಿಮಾ ನೋಡಿ ಬಂದ ಪ್ರವಾಸಿಗರು 'ಕ್ವಾಯ್ ಎಲ್ಲಿ' ಅಂತ ಕೇಳಲು ಶುರು ಮಾಡಿದ ಮೇಲೆ, 1960ರ ದಶಕದಲ್ಲಿ ನದಿಯ ಆ ಭಾಗದ ಹೆಸರನ್ನೇ 'ಕ್ವೇ ಯಾಯ್' ಅಂತ ಬದಲಾಯಿಸಿದರು. ಬಗ್ ಸರಿ ಮಾಡೋ ಬದಲು ಡಾಕ್ಯುಮೆಂಟೇ ತಿದ್ದಿಬಿಡೋದು ನಮ್ಮ ಕ್ಷೇತ್ರದಲ್ಲಿ ಮಾತ್ರ ಇರೋದು ಅಂದುಕೊಂಡಿದ್ದೆ!

ಆದರೆ ರೈಲು ಮಾರ್ಗದ ಕಥೆಯಲ್ಲಿ ಮಜಾ ಏನೂ ಇಲ್ಲ. 1942ರ ಫೆಬ್ರವರಿ 15ರಂದು ಸಿಂಗಪುರ ಜಪಾನಿಗೆ ಶರಣಾಯಿತು. ಬ್ರಿಟಿಷ್, ಆಸ್ಟ್ರೇಲಿಯನ್, ಭಾರತೀಯ ಸೈನಿಕರು ಸಾವಿರಗಟ್ಟಲೆ ಸೆರೆಯಾದರು. ಬರ್ಮಾದಲ್ಲಿದ್ದ ತನ್ನ ಸೈನ್ಯಕ್ಕೆ ಸಮುದ್ರದ ಮೇಲೆ ಸಾಮಾನು ಸಾಗಿಸೋದು ಜಪಾನಿಗೆ ಅಪಾಯವಾಗಿತ್ತು. ಅದಕ್ಕೆ ಥೈಲ್ಯಾಂಡಿನ ಬಾನ್ ಪಾಂಗ್‌ನಿಂದ ಬರ್ಮಾದ ತಾನ್‌ಬ್ಯುಜಯಾತ್‌ವರೆಗೆ ಕಾಡು, ಬಂಡೆ ಸೀಳಿ 415 ಕಿಲೋಮೀಟರ್ ಹಳಿ ಹಾಕಲು ಕೈದಿಗಳನ್ನು ಹಚ್ಚಿದರು. 60 ಸಾವಿರಕ್ಕೂ ಹೆಚ್ಚು ಯುದ್ಧಕೈದಿಗಳು ದುಡಿದರು, 12 ಸಾವಿರಕ್ಕೂ ಹೆಚ್ಚು ಜನ ಸತ್ತರು. 1943ರ ಅಕ್ಟೋಬರ್‌ನಲ್ಲಿ ಎರಡೂ ಕಡೆಯ ಹಳಿ ಬಂದು ಸೇರಿದವು. ಕೊನೆಕೊನೆಗೆ ಕೆಲಸ ಬೇಗ ಮುಗಿಸಬೇಕು ಅಂತ ಹಗಲು ರಾತ್ರಿ ದುಡಿಸಿದ ಆ ಅವಧಿಗೆ 'ಸ್ಪೀಡೋ' ಅಂತಲೇ ಹೆಸರು ಬಿತ್ತು. ನಾವು ಆಫೀಸಿನಲ್ಲಿ ರಿಲೀಸ್ ಹತ್ತಿರ ಬಂದಾಗ 'ಸತ್ತೇ ಹೋದ್ವಿ' ಅಂತೀವಲ್ಲ, ಆ ಮಾತು ನೆನಪಾಗಿ ನಾಚಿಕೆ ಆಯಿತು.

ಮಾರನೇ ದಿನ ಬೆಳಿಗ್ಗೆ ಆ ಹಳಿಯ ಮೇಲೆ ಈಗಲೂ ಓಡುವ ರೈಲು ಹತ್ತಿದೆವು. ಕೊನೇ ಸ್ಟೇಷನ್ ನಾಮ್ ಟೋಕ್. ಸುಮಾರು ದೂರ ಪಕ್ಕದಲ್ಲೇ ಕ್ವೇ ನಾಯ್ ಹರಿಯುತ್ತೆ, ನಿಜವಾದ 'ಕ್ವಾಯ್' ಅದೇ. ಥಾಮ್ ಕ್ರಾಸೆ ಅನ್ನುವಲ್ಲಿ ಬಂಡೆಗೆ ಅಂಟಿಕೊಂಡ ಹಾಗೆ ಮರದ ತೊಲೆಗಳ ಮೇಲೆ ಹಳಿ ಹೋಗುತ್ತೆ. ರೈಲು ನಡೆದ ಹಾಗೆ ನಿಧಾನವಾಗುತ್ತೆ, ಕೆಳಗೆ ನೋಡಿದರೆ ನದಿ. ಎಲ್ಲರೂ ಫೋನ್ ಹೊರಗೆ ಚಾಚಿ ವಿಡಿಯೋ ಮಾಡ್ತಿದ್ದರು. ನಾನೂ ಚಾಚಿದ್ದೆ. ಆಗ ಮೆಲ್ಬರ್ನ್‌ನ ಮೆಸೇಜ್ ನೆನಪಾಗಿ ಚಾಲ್ಕರ್ ಹೆಸರು ಹುಡುಕಿದೆ.

ಮೊದಲು ಬಂದದ್ದು ನೋಡೋಕಾಗದ ಚಿತ್ರಗಳು. ಪಕ್ಕೆಲುಬು ಎಣಿಸಬಹುದಾದ ಮನುಷ್ಯರು. ಮೂಳೆ ಕಾಣುವ ಕಾಲಿನ ಹುಣ್ಣು. ಬಿದಿರಿನ ಮಂಚದ ಮೇಲೆ ಸಾಲಾಗಿ ಮಲಗಿದ ರೋಗಿಗಳು. ಸ್ಕ್ರೋಲ್ ಮಾಡ್ತಾ ಹೋದೆ. ಆಮೇಲೆ ಒಂದು ಜಲವರ್ಣ ಬಂತು. ಕೋನ್ಯು ಅನ್ನುವ ಶಿಬಿರದ ಕಾಲದ್ದು.

ಮಣ್ಣು ಬಣ್ಣದ ನೀರು. ದಂಡೆಯಲ್ಲಿ ಬಿದಿರು. ನಡುವೆ ಸೋಗೆ ಹೊದಿಸಿದ ಗುಡಿಸಲು. ಹಿಂದೆ ಹಸಿರು ಗುಡ್ಡ. ಅಷ್ಟೇ.

ಮೊದಲು ಅನ್ನಿಸಿದ್ದು, 'ಅರೆ, ನಮ್ಮೂರ ಹಾಗೇ ಇದೆ' ಅಂತ. ಎರಡನೇದು, ನಿಜ ಹೇಳಬೇಕು ಅಂದರೆ, ಸಿಟ್ಟು. ಸುತ್ತ ಜನ ಸಾಯುತ್ತಿರುವಾಗ ಕೂತು ಹೊಳೆ ಬರೆದನಲ್ಲ ಈ ಪುಣ್ಯಾತ್ಮ!

ಆ ಸಿಟ್ಟು ನನಗೆ ಹೊಸದಲ್ಲ. ಅದೇ ಮಾತನ್ನು ನಾನು ಹಿಂದೆ ಒಬ್ಬರಿಗೆ ಹೇಳಿದ್ದೆ. ಅದು ನೆನಪಾಗಿ ಫೋನ್ ಕೆಳಗಿಟ್ಟೆ.

2021ರ ಮೇ ತಿಂಗಳು. ನಿಮಗೂ ಆ ತಿಂಗಳ ಒಂದೊಂದು ಕಥೆ ಇದ್ದೇ ಇರುತ್ತೆ. ಅಪ್ಪಯ್ಯನಿಗೆ ಕೋವಿಡ್ ಪಾಸಿಟಿವ್ ಬಂತು. ಅಮ್ಮನಿಗೆ ನೆಗೆಟಿವ್. ಹೊಳೆ ದಂಡೆಯ ಒಂದು ಹಾಸ್ಟೆಲ್ ಕಟ್ಟಡವನ್ನು ಕೋವಿಡ್ ಕೇಂದ್ರ ಮಾಡಿದ್ದರು, ಅಲ್ಲಿಗೆ ಸೇರಿಸಿದರು. ಅಪ್ಪಯ್ಯನಿಗೆ ಆಗ 62, ಜೊತೆಗೆ ಬಿಪಿ. ನಾನು ಬೆಂಗಳೂರಿನಲ್ಲಿ ಲಾಕ್‌ಡೌನ್‌ನಲ್ಲಿ ಸಿಕ್ಕಿಕೊಂಡಿದ್ದೆ.

ನನ್ನ ಕೈಲಿ ಏನಾಗುತ್ತೋ ಅದನ್ನು ಮಾಡಿದೆ. ಗೂಗಲ್ ಶೀಟ್ ಒಂದು ತೆರೆದೆ. ದಿನಾಂಕ, ಸಮಯ, ಜ್ವರ, ಆಕ್ಸಿಜನ್, ನಾಡಿ. ಆಕ್ಸಿಜನ್ 94ಕ್ಕಿಂತ ಕೆಳಗೆ ಹೋದರೆ ಆ ಚೌಕ ತಾನಾಗಿ ಕೆಂಪಾಗಬೇಕು. ಅಕ್ಕನಿಗೆ, ಭಾವನಿಗೆ, ಗೊತ್ತಿದ್ದ ಡಾಕ್ಟರ್ ಒಬ್ಬರಿಗೆ ಶೇರ್ ಮಾಡಿದೆ. ಅಪ್ಪಯ್ಯ ದಿನಕ್ಕೆ ಮೂರು ಸಲ ನಂಬರ್ ಕಳಿಸಬೇಕು, ಅಷ್ಟೇ ಅವರ ಕೆಲಸ.

ಎರಡು ದಿನ ಕಳಿಸಿದರು. ಮೂರನೇ ದಿನ ಬೆಳಿಗ್ಗೆ ನಂಬರ್ ಬದಲು ಒಂದು ಫೋಟೋ ಬಂತು. ತುಂಗಾ ಹೊಳೆಯ ಚಿತ್ರ. ಬೇಸಿಗೆಯಲ್ಲಿ ನೀರು ಇಳಿದು ಬಂಡೆಗಳೆಲ್ಲ ಮೇಲೆ ಬಂದಿರುತ್ತಲ್ಲ, ಹಾಗೆ. ಎರಡು ಪಂಚೆ, ಒಂದು ಟವೆಲ್ ಇಟ್ಟ ಚೀಲದಲ್ಲಿ ಅಮ್ಮನಿಗೂ ಗೊತ್ತಿಲ್ಲದ ಹಾಗೆ ಚಿಕ್ಕ ಬಣ್ಣದ ಡಬ್ಬಿ ತಗೊಂಡು ಹೋಗಿದ್ದರು. ಕಾಗದಕ್ಕೆ ನರ್ಸಮ್ಮನ ಹತ್ತಿರ ಖಾಲಿ ಫಾರಂ ಕೇಳಿ ಪಡೆದಿದ್ದರು. ಆ ಫೋಟೋದಲ್ಲಿ ಹೊಳೆಯ ನೀರಿನ ಹಿಂದೆ ಅಚ್ಚಾದ ಗೆರೆಗಳು ಕಾಣ್ತಿದ್ದವು.

ನಾನು 'ಆಕ್ಸಿಜನ್?' ಅಂತ ಕೇಳಿದೆ. ಮಧ್ಯಾಹ್ನ ಉತ್ತರ ಬಂತು. ಮಾರನೇ ದಿನ ಮತ್ತೊಂದು ಹೊಳೆ. ಅದರ ಮಾರನೇ ದಿನ ಇನ್ನೊಂದು. ಐದನೇ ದಿನ ನಂಬರ್ ಬರಲೇ ಇಲ್ಲ, ಹೊಳೆ ಮಾತ್ರ ಬಂತು. ರಾತ್ರಿ ಪೂರ್ತಿ ಯಾರ್‍ಯಾರದೋ ಊರಲ್ಲಿ ಬೆಡ್ ಹುಡುಕಿ ಕೊಡುವ ಗ್ರೂಪಿನಲ್ಲಿ ಕೂತಿದ್ದ ನನಗೆ ತಲೆ ಕೆಟ್ಟಿತು. ಫೋನ್ ಮಾಡಿದೆ.

"ಅಪ್ಪಯ್ಯ, ಆಕ್ಸಿಜನ್ ಎಷ್ಟು?"

"ತೊಂಬತ್ನಾಲ್ಕೋ ಎಂತದೋ. ಅದು ಇರ್ಲಿ, ಇವತ್ತಿನ ಹೊಳೆ ನೋಡಿದ್ಯಾ? ಬೆಳಿಗ್ಗೆ ಮಂಜಿತ್ತು ಮಾರಾಯ..."

"ನಂಗೆ ಹೊಳೆ ಬೇಡ, ನಂಬರ್ ಬೇಕು. ಸುತ್ತ ಜನ ಸಾಯ್ತಿದಾರೆ, ನೀವು ಕೂತ್ಕೊಂಡು ಚಿತ್ರ ಬರೀತೀರಲ್ಲ, ಸ್ವಲ್ಪನಾದ್ರೂ ಜವಾಬ್ದಾರಿ ಇದ್ಯಾ?"

ಆ ಕಡೆ ಕೆಮ್ಮು. ಆಮೇಲೆ, "ಆಯ್ತು ಮಾರಾಯ. ಕಳಿಸ್ತೀನಿ."

ಅವತ್ತಿನಿಂದ ಹೊತ್ತಿಗೆ ಸರಿಯಾಗಿ ನಂಬರ್ ಬಂತು. ಬೆಳಿಗ್ಗೆ 8, ಮಧ್ಯಾಹ್ನ 2, ರಾತ್ರಿ 8. ಹೊಳೆ ಮತ್ತೆ ಬರಲಿಲ್ಲ. ನನ್ನ ಶೀಟು ತುಂಬಿತು. ಅಪ್ಪಯ್ಯ 14 ದಿನಕ್ಕೆ ಗುಣವಾಗಿ ಮನೆಗೆ ಬಂದರು. ನಾನು ಗೆದ್ದೆ ಅಂದುಕೊಂಡೆ. ಆಮೇಲೆ ಅವರು ಚಿತ್ರ ಬರೆದದ್ದನ್ನು ನಾನು ನೋಡಿಲ್ಲ. ನಿಲ್ಲಿಸಿದ್ದಾರೆ ಅನ್ನೋದನ್ನೂ ಗಮನಿಸಿರಲಿಲ್ಲ.

ರೈಲು ನಾಮ್ ಟೋಕ್ ತಲುಪುವವರೆಗೆ ಚಾಲ್ಕರ್ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಲಂಡನ್ನಿನ ಹುಡುಗ, 1918ರಲ್ಲಿ ಹುಟ್ಟಿದವ. ರಾಯಲ್ ಕಾಲೇಜ್ ಆಫ್ ಆರ್ಟ್‌ನಲ್ಲಿ ಸೀಟು ಸಿಕ್ಕಿತ್ತು. ಅಷ್ಟರಲ್ಲಿ ಯುದ್ಧ ಬಂತು, ಫಿರಂಗಿ ದಳ ಸೇರಿದ. ಸಿಂಗಪುರಕ್ಕೆ ಬಂದು ಇಳಿದ ಕೆಲವೇ ವಾರಗಳಲ್ಲಿ ಸೆರೆಸಿಕ್ಕ. ಕೋನ್ಯುಗೆ ಬಂದಾಗ 24 ವರ್ಷ. ನಾನು ಮೊದಲ ಕೆಲಸಕ್ಕೆ ಸೇರಿದ ವಯಸ್ಸಿಗಿಂತ ಸ್ವಲ್ಪ ಜಾಸ್ತಿ.

ಕೈದಿಗಳು ಚಿತ್ರ ಬರೆಯೋದು ಅಪರಾಧ. ಒಮ್ಮೆ ಸಿಕ್ಕಿಬಿದ್ದಾಗ ಕಾವಲುಗಾರರು ಚಿತ್ರಗಳನ್ನು ಹರಿದುಹಾಕಿ, ಆತನನ್ನು ಚೆನ್ನಾಗಿ ಹೊಡೆದರು. ಆದರೂ ನಿಲ್ಲಿಸಲಿಲ್ಲ. ಕದ್ದ ಕಾಗದ, ಕೈಗೆ ಸಿಕ್ಕ ಬಣ್ಣ. ಬರೆದದ್ದನ್ನು ಬಿದಿರಿನ ಕೊಳವೆಯೊಳಗೆ ತುರುಕಿ ಮಣ್ಣಿನಲ್ಲಿ ಹೂತ, ಗುಡಿಸಲಿನ ಸೂರಿನಲ್ಲಿ ಸಿಕ್ಕಿಸಿದ. ಆಮೇಲೆ ಚುಂಕಾಯ್ ಅನ್ನುವ ಆಸ್ಪತ್ರೆ ಶಿಬಿರದಲ್ಲಿ ಆಸ್ಟ್ರೇಲಿಯಾದ ಶಸ್ತ್ರವೈದ್ಯ ಎಡ್ವರ್ಡ್ ಡನ್‌ಲಪ್ ಅವರಿಗಾಗಿ ಹುಣ್ಣು, ಶಸ್ತ್ರಚಿಕಿತ್ಸೆ, ಬಿದಿರಿನಿಂದ ಮಾಡಿಕೊಂಡ ವೈದ್ಯಕೀಯ ಸಲಕರಣೆ ಎಲ್ಲವನ್ನೂ ಬರೆದಿಟ್ಟ. ಅವು ದಾಖಲೆ. ಇವತ್ತಿಗೂ ಯಾರಾದರೂ 'ಹಾಗೆಲ್ಲ ಆಗಿರಲಿಲ್ಲ' ಅಂದರೆ ಮುಂದೆ ಹಿಡಿಯಬಹುದಾದ ಸಾಕ್ಷಿ.

ಆತ ಒಬ್ಬನೇ ಅಲ್ಲ. ರೊನಾಲ್ಡ್ ಸರ್ಲ್, ಫಿಲಿಪ್ ಮೆನಿನ್ಸ್ಕಿ, ಆಸ್ಟ್ರೇಲಿಯಾದ ನಾವಿಕ ರೇ ಪಾರ್ಕಿನ್ ಹೀಗೆ ಹಲವರು ಕದ್ದು ಬರೆದರು. ಪಾರ್ಕಿನ್‌ನನ್ನು 1944ರಲ್ಲಿ ಜಪಾನಿಗೆ ಸಾಗಿಸುವಾಗ ಆತ ತನ್ನ ಚಿತ್ರಗಳನ್ನು ಡನ್‌ಲಪ್ ಕೈಗೆ ಕೊಟ್ಟು ಹೋದ. ಡಾಕ್ಟರು ಅವನ್ನು ಯುದ್ಧ ಮುಗಿಯುವವರೆಗೆ ಮುಚ್ಚಿಟ್ಟು ಕಾಪಾಡಿದರು.

ಹುಣ್ಣಿನ ಚಿತ್ರ ಯಾಕೆ ಬರೆದ ಅಂತ ನನಗೆ ಅರ್ಥವಾಯಿತು. ಅದು ಡೇಟಾ. ಹೊಳೆ ಯಾಕೆ? ಹಿಡಿದರೆ ಹೊಡೆತ ಎರಡಕ್ಕೂ ಒಂದೇ. ಹೊಳೆ ಯಾವುದಕ್ಕೂ ಸಾಕ್ಷಿ ಅಲ್ಲ.

ನಾಮ್ ಟೋಕ್‌ನಿಂದ ಮುಂದೆ ಈಗ ಹಳಿ ಇಲ್ಲ. ವ್ಯಾನ್ ಮಾಡಿಕೊಂಡು ಹೆಲ್‌ಫೈರ್ ಪಾಸ್‌ಗೆ ಹೋದೆವು. ಕೋನ್ಯು ಹತ್ತಿರ ಬಂಡೆ ಕೊರೆದು ಮಾಡಿದ ದಾರಿ. ರಾತ್ರಿ ಬೆಂಕಿಯ ಬೆಳಕಿನಲ್ಲಿ ಎಲುಬುಗೂಡಿನಂಥ ಮನುಷ್ಯರು ದುಡಿಯೋದು ನರಕದ ಹಾಗೆ ಕಾಣ್ತಿತ್ತಂತೆ, ಅದಕ್ಕೇ ಆ ಹೆಸರು. ಬಂಡೆಯ ಎರಡು ಗೋಡೆಗಳ ಮಧ್ಯೆ ನಿಂತರೆ ಆಕಾಶ ಒಂದು ಪಟ್ಟಿ ಮಾತ್ರ. ಗೋಡೆಯಲ್ಲಿ ಕೈಯಿಂದ ಕೊರೆದ ತೂತಿನ ಗುರುತು ಈಗಲೂ ಇದೆ. ಬೆರಳಿಟ್ಟು ನೋಡಿದೆ.

ಅಲ್ಲಿಂದ ಹೊರಗೆ ಬಂದಾಗ ದೂರದಲ್ಲಿ ಕೆಳಗೆ ಕ್ವೇ ನಾಯ್ ಕಣಿವೆ ಕಂಡಿತು. ಹೆಂಡತಿ ಏನೂ ಮಾತಾಡದೆ ಸುಮಾರು ಹೊತ್ತು ಅದನ್ನೇ ನೋಡ್ತಾ ನಿಂತಳು. ನಾನೂ ನಿಂತೆ. ಬಂಡೆ ನೋಡಿದ ಮೇಲೆ ಕಣ್ಣಿಗೆ ನದಿ ಬೇಕಿತ್ತು. ನಾವು ಅಲ್ಲಿದ್ದದ್ದು ಒಂದು ಗಂಟೆ, ಅದೂ ಹೊಟ್ಟೆ ತುಂಬ ತಿಂಡಿ ತಿಂದು.

ಆ ನದಿ ಅವರಿಗೆ ಏನಾಗಿತ್ತು ಅಂತ ಯೋಚಿಸಿ. ಅಕ್ಕಿ ಬರುತ್ತಿದ್ದದ್ದು ಅದರ ಮೇಲೆ, ದೋಣಿಯಲ್ಲಿ. ಬೂನ್‌ಪಾಂಗ್ ಅನ್ನುವ ಕಾಂಚನಬುರಿಯ ವ್ಯಾಪಾರಿ ತನ್ನ ದೋಣಿಗಳ ಸಾಮಾನಿನ ಮಧ್ಯೆ ಔಷಧಿ, ಹಣ ಬಚ್ಚಿಟ್ಟು ಕೈದಿಗಳಿಗೆ ತಲುಪಿಸುತ್ತಿದ್ದದ್ದೂ ಅದೇ ನದಿಯಲ್ಲಿ. ಸಿಕ್ಕಿದ್ದರೆ ಆತನ ಪ್ರಾಣ ಹೋಗುತ್ತಿತ್ತು. 1943ರ ಮಳೆಗಾಲದಲ್ಲಿ ಕಾಲರಾ ಹಬ್ಬಿದಾಗ ಸಾವಿನ ದಾರಿಯೂ ಆ ನೀರೇ ಆಯಿತು. ಕುದಿಸದೆ ಒಂದು ಗುಟುಕು ಕುಡಿಯುವ ಹಾಗಿರಲಿಲ್ಲ. ಜಲವರ್ಣಕ್ಕೆ ನೀರು ಬೇಕಲ್ಲ, ಚಾಲ್ಕರ್ ಬಣ್ಣ ಕಲಸಿದ್ದು ಬಹುಶಃ ಅದೇ ನೀರಿನಲ್ಲಿ. ಅನ್ನ ತಂದ ನೀರು, ರೋಗ ತಂದ ನೀರು, ಚಿತ್ರದೊಳಗೂ ಅದೇ ನೀರು.

ಆಗ ನನಗೆ ಹೊಳೆದದ್ದು ಇಷ್ಟು, ತಪ್ಪಿದ್ದರೆ ಬಲ್ಲವರು ತಿದ್ದಿ. ಏನು ತಿನ್ನಬೇಕು, ಎಷ್ಟು ಹೊತ್ತು ದುಡಿಯಬೇಕು, ಎಲ್ಲಿ ಮಲಗಬೇಕು ಅಂತ ಎಲ್ಲವನ್ನೂ ಬೇರೆಯವರು ತೀರ್ಮಾನಿಸುವ ಜಾಗ ಅದು. ಕಣ್ಣು ಏನು ನೋಡಬೇಕು ಅನ್ನೋದೊಂದು ಮಾತ್ರ ಆತನ ಕೈಲಿತ್ತು. ಹುಣ್ಣನ್ನೂ ನೋಡಿದ, ಹೊಳೆಯನ್ನೂ ನೋಡಿದ. ಹೊಳೆ ಬರೆದಾಗ ಹುಣ್ಣನ್ನು ಮರೆತಿರಲಿಲ್ಲ. ಎರಡನ್ನೂ ಅದೇ ಕೈ ಬರೆದದ್ದು.

ಹಾಗಾದರೆ 2021ರಲ್ಲಿ ಅಪ್ಪಯ್ಯ ನನಗೆ ಕಳಿಸುತ್ತಿದ್ದದ್ದು ಏನು? ಆಕ್ಸಿಜನ್ ಎಷ್ಟು ಅಂತ ಕೇಳಿದವನಿಗೆ ಅವರು ಉತ್ತರವನ್ನೇ ಕಳಿಸುತ್ತಿದ್ದರು. 'ನಾನು ಇನ್ನೂ ನೋಡ್ತಿದ್ದೀನಿ ಮಾರಾಯ' ಅಂತ. ನನ್ನ ಶೀಟಿನಲ್ಲಿ ಅದಕ್ಕೊಂದು ಕಾಲಂ ಇರಲಿಲ್ಲ.

ಸಂಜೆ ಕಾಂಚನಬುರಿಗೆ ವಾಪಸ್ ಬಂದು ಯುದ್ಧ ಸ್ಮಶಾನಕ್ಕೆ ಹೋದೆವು. 6,982 ಸಮಾಧಿ. ಹುಲ್ಲು ಕತ್ತರಿಸಿ, ಹೂ ನೆಟ್ಟು, ಒಂದೊಂದರ ಮೇಲೂ ಫಲಕ. ನೋಡಿದರೆ ಗಂಟಲು ಕಟ್ಟುತ್ತೆ. ಆದರೆ ಅಲ್ಲಿ ಇಲ್ಲದವರ ಲೆಕ್ಕ ಅದಕ್ಕಿಂತ ದೊಡ್ಡದು. ಈ ಹಳಿಗೆ ಮಲಯಾ, ಬರ್ಮಾ, ಜಾವಾದಿಂದ ಎರಡು ಲಕ್ಷಕ್ಕೂ ಹೆಚ್ಚು ಏಷ್ಯಾದ ಕೂಲಿಗಳನ್ನು ತಂದಿದ್ದರು. ಅದರಲ್ಲಿ ಮಲಯಾದ ರಬ್ಬರ್ ತೋಟಗಳ ತಮಿಳರು ದೊಡ್ಡ ಸಂಖ್ಯೆಯಲ್ಲಿದ್ದರು, ಕೆಲವರು ಹೆಂಡತಿ ಮಕ್ಕಳ ಜೊತೆ ಬಂದಿದ್ದರು. ಒಳ್ಳೇ ಕೂಲಿ ಅಂತ ನಂಬಿಸಿ ಕರೆತಂದವರು, ಎಳೆದು ತಂದವರು ಎಲ್ಲ. ಸತ್ತವರು ಸುಮಾರು 90 ಸಾವಿರ ಅನ್ನೋದು ಒಂದು ಅಂದಾಜು. ಅಂದಾಜು ಅಷ್ಟೇ, ಯಾಕೆಂದರೆ ಯಾರೂ ಎಣಿಸಲಿಲ್ಲ. ಅವರ ಜೊತೆ ಡನ್‌ಲಪ್‌ನಂಥ ಡಾಕ್ಟರು ಇರಲಿಲ್ಲ, ಸತ್ತವರ ಹೆಸರು ಬರೆದಿಡುವ ಅಧಿಕಾರಿ ಇರಲಿಲ್ಲ. ಬಿದಿರಿನ ಕೊಳವೆಯಲ್ಲಿ ಚಿತ್ರ ಬಚ್ಚಿಟ್ಟ ಚಾಲ್ಕರ್ ಕೂಡ ಅವರಲ್ಲಿ ಇದ್ದಂತೆ ಕಾಣೆ. ಇತ್ತೀಚೆಗೆ ಅಲ್ಲಿನ ಒಂದು ಬೌದ್ಧ ದೇವಾಲಯದ ಆವರಣದಲ್ಲಿ ಅವರಿಗಾಗಿ ತಮಿಳರು ನಡುಕಲ್ಲು ನಿಲ್ಲಿಸಿದ್ದಾರೆ. ನಮ್ಮ ವೀರಗಲ್ಲಿನ ಥರವೇ.

ನೋಡಿ ಬರೆದಿಡುವವರು ಒಬ್ಬರಾದರೂ ಇರೋದಕ್ಕೂ ಇಲ್ಲದೇ ಇರೋದಕ್ಕೂ ಎಷ್ಟು ವ್ಯತ್ಯಾಸ ಅಂತ ಆ ಹುಲ್ಲಿನ ಮೇಲೆ ನಿಂತಾಗ ಗೊತ್ತಾಯಿತು.

ರಾತ್ರಿ ರೂಮಿಗೆ ಬಂದು ಅಪ್ಪಯ್ಯನ ವಾಟ್ಸ್‌ಆ್ಯಪ್ ಚಾಟ್ ತೆರೆದೆ. 2021ರಿಂದ ಎರಡು ಫೋನ್ ಬದಲಾಗಿತ್ತು. ಸ್ಟೋರೇಜ್ ತುಂಬಿದಾಗೆಲ್ಲ ಗುಡ್ ಮಾರ್ನಿಂಗ್ ಫೋಟೋಗಳ ಜೊತೆ ಏನೇನು ಅಳಿಸಿದ್ದೆನೋ. ಬ್ಯಾಕಪ್‌ನಲ್ಲಿ ಹುಡುಕಿ ಹುಡುಕಿ ಮೂರು ಹೊಳೆ ಸಿಕ್ಕವು. ಮೂರನೆಯದರಲ್ಲಿ ಕಿಟಕಿ ಕೂಡ ಇತ್ತು. ಕಿಟಕಿಯ ಪಕ್ಕದ ಮಂಚದ ಮೇಲೆ ಒಬ್ಬರು ಬೆನ್ನು ಹಾಕಿ ಕೂತು ಹೊಳೆ ನೋಡ್ತಿದ್ದರು. ನಾಲ್ಕು ವರ್ಷದಿಂದ ನನ್ನ ಹತ್ತಿರವೇ ಇದ್ದ ಆ ಮನುಷ್ಯನನ್ನು ನಾನು ನೋಡೇ ಇರಲಿಲ್ಲ.

ಫೋನ್ ಮಾಡಿದೆ.

"ಅಪ್ಪಯ್ಯ, ಕೋವಿಡ್ ಟೈಮಲ್ಲಿ ಹೊಳೆ ಬರೆದಿದ್ರಲ್ಲ, ಅದೆಲ್ಲ ಎಲ್ಲಿದೆ?"

"ಎಂತಕ್ಕೆ ಈಗ? ಅಲ್ಲೇ ಬಿಟ್ಟು ಬಂದೆ. ಕಾಗದ ಬಟ್ಟೆ ಏನೂ ಮನೆಗೆ ಒಯ್ಯಬೇಡಿ ಅಂದಿದ್ರು."

"ಕಿಟಕಿ ಹತ್ರ ಒಬ್ರು ಕೂತಿದಾರಲ್ಲ, ಯಾರು ಅವ್ರು?"

ಸುಮಾರು ಹೊತ್ತು ಮಾತಿಲ್ಲ. ನೆಟ್‌ವರ್ಕ್ ಹೋಯಿತು ಅಂದುಕೊಂಡೆ.

"ಅದು ಇದ್ಯಾ ನಿನ್ನ ಹತ್ರ?" ಅಂದರು.

ಅವರು ಪಕ್ಕದ ಮಂಚದವರು. ಹತ್ತಿರದ ಹಳ್ಳಿಯವರು, ಅಡಿಕೆ ಕೊನೆ ತೆಗೆಯುವ ಕೆಲಸ. ಅಪ್ಪಯ್ಯ ಬರೆಯೋದನ್ನು ದಿನಾ ನೋಡ್ತಿದ್ದರಂತೆ. 'ಮೇಷ್ಟ್ರೇ, ನನ್ನದೂ ಒಂದು ಬರೀರಿ, ಮಗಳಿಗೆ ಕೊಡ್ತೀನಿ' ಅಂದಿದ್ದರಂತೆ. 'ಮುಖ ಬರೆಯೋಕೆ ಮಾಸ್ಕ್ ಅಡ್ಡ, ಬೆನ್ನು ಬರೀತೀನಿ' ಅಂತ ಇವರು ನಗಿಸಿದ್ದರಂತೆ. ನಾನು ಬೈದದ್ದು ಮಾರನೇ ದಿನ. ಅದರ ಮೂರು ದಿನಕ್ಕೆ ಅವರಿಗೆ ಉಸಿರಾಟ ಕಷ್ಟವಾಗಿ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದರು. ವಾಪಸ್ ಬರಲಿಲ್ಲ. ಮನೆಯವರು ಮುಖ ನೋಡಲೂ ಆಗಲಿಲ್ಲ.

"ಆ ಚಿತ್ರ ಅವ್ರಿಗೆ ಕೊಡ್ತೀನಿ ಅಂದಿದ್ದೆ. ಅಷ್ಟರಲ್ಲಿ..." ಅಂದು ಅಪ್ಪಯ್ಯ ನಿಲ್ಲಿಸಿದರು. ನನ್ನ ಬೈಗುಳದ ಮಾತನ್ನು ಅವರು ಎತ್ತಲಿಲ್ಲ. ನಾನೇ ಎತ್ತಿದೆ. "ಅವತ್ತು ಹಾಗೆ ಮಾತಾಡಬಾರದಿತ್ತು ಅಪ್ಪಯ್ಯ." ಅವರು, "ಹೌದಾ, ಎಂತ ಅಂದಿದ್ದೆ? ನಂಗೆ ನೆನಪಿಲ್ಲ" ಅಂದರು. ನೆನಪಿತ್ತು ಅಂತ ಇಬ್ಬರಿಗೂ ಗೊತ್ತು.

ಜನವರಿಯಲ್ಲಿ ಊರಿಗೆ ಹೋದೆ. ಶಿವಮೊಗ್ಗದಲ್ಲಿ ಆ ಫೋಟೋವನ್ನು ದಪ್ಪ ಕಾಗದದ ಮೇಲೆ ಪ್ರಿಂಟ್ ಹಾಕಿಸಿ ಫ್ರೇಮ್ ಕಟ್ಟಿಸಿದೆ. ಹಳೇ ಫೋಟೋ, ಅದರಲ್ಲೂ ವಾಟ್ಸ್‌ಆ್ಯಪ್‌ನಲ್ಲಿ ಕುಗ್ಗಿದ್ದು, ಅಂಚುಗಳೆಲ್ಲ ಒಡೆದಿದ್ದವು. 'ಎಐ ಹಾಕಿ ಕ್ಲಿಯರ್ ಮಾಡಿಕೊಡ್ಲಾ ಸಾರ್' ಅಂತ ಅಂಗಡಿ ಹುಡುಗ ಕೇಳಿದ. ಬೇಡ ಅಂದೆ. ಫಾರಂನ ಗೆರೆಗಳೂ ಇರಲಿ.

ವಿಚಾರಿಸಿಕೊಂಡು ಆ ಮನೆಗೆ ಇಬ್ಬರೂ ಬೈಕಿನಲ್ಲಿ ಹೋದೆವು. ಏನು ಹೇಳಬೇಕು ಅಂತ ನಾನು ದಾರಿಯುದ್ದಕ್ಕೂ ಯೋಚಿಸಿದ್ದೆ, ಏನೂ ಹೇಳಬೇಕಾಗಿ ಬರಲಿಲ್ಲ. ಮಗಳು ಬಾಗಿಲಲ್ಲೇ ಫ್ರೇಮ್ ತಗೊಂಡು ನೋಡಿದಳು. ತಾಯಿಯನ್ನು ಕರೆದಳು. ಆ ತಾಯಿ ಸೆರಗಿನಲ್ಲಿ ಗಾಜು ಒರೆಸಿ, ಬೆರಳಿಟ್ಟು, "ಎಡಗಡೆ ಹೆಗಲು ಇಳಿದಿದೆ ನೋಡಿ. ಅವ್ರದ್ದೇ. ಮರದಿಂದ ಒಂದ್ಸಲ ಬಿದ್ದಿದ್ರು" ಅಂದರು. ಆಮೇಲೆ ಒಳಗೆ ಹೋಗಿ ಕಷಾಯ ಮಾಡಿ ತಂದರು. ಮಗಳು ಒಂದೇ ಪ್ರಶ್ನೆ ಕೇಳಿದಳು, "ಅಲ್ಲಿ ಕೂತು ಅಪ್ಪ ಹೊಳೆ ನೋಡ್ತಿದ್ರಾ?"

"ದಿನಾ ನೋಡ್ತಿದ್ರು ಮಗಾ. ಬೆಳಿಗ್ಗೆ ನಂಗಿಂತ ಮೊದ್ಲು ಏಳೋರು" ಅಂದರು ಅಪ್ಪಯ್ಯ.

ನಾಲ್ಕು ವರ್ಷದಿಂದ ಆ ಹುಡುಗಿ ಏನೇನು ಕಲ್ಪಿಸಿಕೊಂಡಿದ್ದಳೋ. ನನ್ನ ಶೀಟಿನ ಯಾವ ನಂಬರೂ ಅವಳಿಗೆ ಆ ಉತ್ತರ ಕೊಡುತ್ತಿರಲಿಲ್ಲ.

ವಾಪಸ್ ಬರುವಾಗ ಹೊಳೆ ಹತ್ತಿರ ಬೈಕ್ ನಿಲ್ಲಿಸಿ ಅಪ್ಪಯ್ಯನಿಗೆ ಚಾಲ್ಕರ್‌ನ ಚಿತ್ರ ತೋರಿಸಿದೆ, ಕಥೆ ಹೇಳಿದೆ. ಯುದ್ಧ ಮುಗಿದ ಮೇಲೆ ಆತ ಚಿತ್ರಕಲೆ ಮೇಷ್ಟ್ರಾದ, ಕಲಾ ಕಾಲೇಜಿನ ಪ್ರಿನ್ಸಿಪಾಲನೂ ಆದ, 2014ರಲ್ಲಿ 96 ವರ್ಷಕ್ಕೆ ತೀರಿಕೊಂಡ, ಚಿತ್ರಗಳಲ್ಲಿ ಎಷ್ಟೋ ಈಗ ಕ್ಯಾನ್‌ಬೆರಾದ ಯುದ್ಧ ಸ್ಮಾರಕದಲ್ಲಿವೆ ಅಂತ ಹೇಳಿದೆ. ಅವರು ಕನ್ನಡಕ ಮೇಲೆ ಮಾಡಿ, ಎರಡು ಬೆರಳಿನಲ್ಲಿ ಚಿತ್ರ ಹಿಗ್ಗಿಸಿ, ಬಹಳ ಹೊತ್ತು ನೋಡಿದರು.

"ಅವನ ಪೀರಿಯಡ್‌ನ ಯಾರೂ ಗಣಿತಕ್ಕೆ ಕೇಳ್ಲಿಲ್ಲ ಅಂತ ಕಾಣತ್ತೆ" ಅಂದರು.

ಈಗ ಬೆಳಿಗ್ಗೆ ಏಳೂವರೆ ಹೊತ್ತಿಗೆ, ನಾನು ಲ್ಯಾಪ್‌ಟಾಪ್ ತೆರೆಯೋ ಮೊದಲು ಫೋನ್ ಟಿಣ್ ಅನ್ನುತ್ತೆ. ವಾರಕ್ಕೆ ಎರಡು ಮೂರು ಸಲ ಹೊಳೆ ಬರುತ್ತೆ. ಕೆಲವು ಚೆನ್ನಾಗಿರುತ್ತೆ, ಕೆಲವು ನನಗೂ ಗೊತ್ತಾಗುವಷ್ಟು ಕೆಟ್ಟಿರುತ್ತೆ, ಕೈ ಸ್ವಲ್ಪ ನಡುಗುತ್ತೆ ಈಗ. ಎಲ್ಲವನ್ನೂ ಬೇರೆ ಫೋಲ್ಡರ್‌ನಲ್ಲಿ, ಎರಡು ಕಡೆ ಬ್ಯಾಕಪ್ ಮಾಡಿ ಇಡ್ತೀನಿ.

ಚಿತ್ರದ ಕೆಳಗೆ, ನಾನು ಕೇಳದಿದ್ದರೂ, ಅವರೇ ಬರೆದಿರ್ತಾರೆ: ಬಿಪಿ 130/80.